ಎರಡು ದೋಣಿಯಿಂದ ಹದಿನೈದಕ್ಕೆ: ಊರಿನಲ್ಲಿ ಕ್ಯಾಟಮರಾನ್ ಬಳಗ ಬೆಳೆಸುವುದು ಹೇಗೆ?

ಶನಿವಾರ ಬೆಳಿಗ್ಗೆ. ಕೆರೆ ದಡದಲ್ಲಿ ಎರಡೇ ದೋಣಿ. ಗಾಳಿ ಹದವಾಗಿದೆ, ಬಿಸಿಲೂ ಇದೆ. ಆದರೆ ಎರಡೇ ದೋಣಿ ಇದ್ದರೆ ಒಬ್ಬರು ಮೊದಲು, ಇನ್ನೊಬ್ಬರು ಕೊನೆ. ನಾಲ್ಕು ವಾರ ಕೊನೆಗೇ ಬಂದವರು ಐದನೇ ವಾರ ದೋಣಿ ಬಿಚ್ಚುವುದಿಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಒಳನಾಡಿನಲ್ಲಿ ನಾನಿರುವ ಊರಿನ ಬಳಗ ಒಂದು ಕಾಲಕ್ಕೆ ಇದೇ ಸ್ಥಿತಿಗೆ ಬಂದಿತ್ತು. ಅದನ್ನು ಮತ್ತೆ ಕಟ್ಟುವಾಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕ್ಯಾಟಮರಾನ್ ಅನ್ನುವ ಮಾತು ಹೋಗಿದ್ದು ನಮ್ಮ ಕಡೆಯಿಂದಲೇ. ತಮಿಳಿನ ಕಟ್ಟುಮರಂ, ಅಂದರೆ ಕಟ್ಟಿದ ಮರ. ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೋರಮಂಡಲ ತೀರದ ಮೀನುಗಾರರದು ಮರದ ದಿಮ್ಮಿಗಳನ್ನು ಹಗ್ಗದಲ್ಲಿ ಬಿಗಿದ ತೆಪ್ಪ. ಈಗ ರೇಸಿನಲ್ಲಿ ಓಡುವುದು ಬೇರೆ ಥರದ್ದು. ಉದ್ದಕ್ಕೆ, ತೆಳ್ಳಗೆ ಎರಡು ಒಡಲು, ನಡುವೆ ಮಂಚದ ಪಟ್ಟಿಯಂತೆ ಬಿಗಿದ ಬಟ್ಟೆ, ಮೇಲೆ ಹಾಯಿ. ಕೂರುವುದು ಆ ಬಟ್ಟೆಯ ಮೇಲೆ.

ಮೊದಲು ಒಂದೇ ಜಾತಿಯ ದೋಣಿ ಆರಿಸಿ

ಬಳಗ ಒಡೆಯುವುದೇ ಇಲ್ಲಿ. ಒಬ್ಬರ ಹತ್ತಿರ ಹೊಸ ದೋಣಿ, ಇನ್ನೊಬ್ಬರ ಹತ್ತಿರ ಹಳೆಯದು, ಮತ್ತೊಬ್ಬರದು ಬೇರೆ ಮಾದರಿ. ಆಗ ಹ್ಯಾಂಡಿಕ್ಯಾಪ್ ಲೆಕ್ಕ ಹಾಕಬೇಕು. ಪ್ರತಿ ಮಾದರಿಗೂ ಒಂದು ಅಂಕಿ ಇರುತ್ತದೆ. ಓಡಿದ ಸಮಯವನ್ನು ಅದರಿಂದ ಭಾಗಿಸಿ ಗೆದ್ದವರು ಯಾರು ಅಂತ ಹೇಳುತ್ತಾರೆ. ಲೆಕ್ಕ ಸರಿಯೇ. ಆದರೆ ಗೆದ್ದದ್ದು ಗೊತ್ತಾಗುವುದು ದಡಕ್ಕೆ ಬಂದು ಕಾಗದ ನೋಡಿದ ಮೇಲೆ. ಒಂದೇ ಮಾದರಿಯಾದರೆ ಮುಂದಿರುವವರೇ ಮುಂದೆ. ಹೊಸಬರಿಗೆ ಇದು ತುಂಬಾ ಮುಖ್ಯ.

ನಮ್ಮ ಬಳಗ ಆರಿಸಿದ್ದು ಹೋಬಿ 16. ಕ್ಯಾಲಿಫೋರ್ನಿಯಾದಲ್ಲಿ ಸರ್ಫ್ ಹಲಗೆ ಮಾಡುತ್ತಿದ್ದ ಹೋಬಿ ಆಲ್ಟರ್ ಮೊದಲು ಹೋಬಿ 14 ತಂದರು. ಅದರ ಬೆನ್ನಿಗೇ 1970ರ ಹೊತ್ತಿಗೆ ಇಬ್ಬರು ಓಡಿಸುವ ಹೋಬಿ 16 ಬಂತು. ಈವರೆಗೆ ಒಂದು ಲಕ್ಷಕ್ಕೂ ಜಾಸ್ತಿ ದೋಣಿಗಳು ತಯಾರಾಗಿವೆ. ಉದ್ದ 5.05 ಮೀಟರ್, ಅಗಲ 2.41 ಮೀಟರ್, ತೂಕ ಸುಮಾರು 145 ಕೆ.ಜಿ. ನೀರಿನೊಳಗೆ ಇಳಿಬಿಡುವ ಹಲಗೆ ಇಲ್ಲ, ಚುಕ್ಕಾಣಿಗಳು ಮೇಲಕ್ಕೆ ಮಡಚಿಕೊಳ್ಳುತ್ತವೆ. ಹಾಗಾಗಿ ಜೆಟ್ಟಿ ಬೇಡ, ಮರಳಿನಿಂದಲೇ ತಳ್ಳಿಕೊಂಡು ಹೊರಡಬಹುದು. 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲೂ ಈ ದೋಣಿಯ ಸ್ಪರ್ಧೆ ಇತ್ತು.

ಹಾಗಂತ ಬೇರೆ ದೋಣಿಯವರನ್ನು ಓಡಿಸಬೇಡಿ. ಅವರಿಗೆ ಹ್ಯಾಂಡಿಕ್ಯಾಪ್ ಗುಂಪು ಬೇರೆ ಇಡಿ. ಮುಂದೆ ದೋಣಿ ಬದಲಿಸುವಾಗ ಬಳಗದ ಮಾದರಿಯನ್ನೇ ಕೊಳ್ಳುತ್ತಾರೆ.

ಹಿತ್ತಲಲ್ಲಿ ಮಲಗಿರುವ ದೋಣಿ ಹುಡುಕಿ

ಹೊಸ ದೋಣಿ ದುಬಾರಿ. ಹಳೆಯವು ಎಲ್ಲೆಲ್ಲೂ ಇವೆ, ಗ್ಯಾರೇಜಿನ ಹಿಂದೆ, ಮರದ ಕೆಳಗೆ, ಹುಲ್ಲಿನ ನಡುವೆ. ಬಳಗದಲ್ಲಿ ಒಬ್ಬರಿಗೆ ಇದೇ ಕೆಲಸ ವಹಿಸಿ.

ಕೊಳ್ಳುವ ಮೊದಲು ಒಡಲಿನ ಮೇಲ್ಭಾಗವನ್ನು, ಅದರಲ್ಲೂ ಬಟ್ಟೆಯ ಚೌಕಟ್ಟನ್ನು ಹೊತ್ತಿರುವ ಮುಂದಿನ ಗಿಡ್ಡ ಕಾಲುಗಳ ಸುತ್ತ, ಹೆಬ್ಬೆರಳಿನಿಂದ ಒತ್ತಿ. ಮೆತ್ತಗೆ ಒಳಗೆ ಹೋದರೆ ಫೈಬರ್ ಪದರ ಬಿಟ್ಟಿದೆ ಅಂತ ಅರ್ಥ. ಆಮೇಲೆ ಒಂದು ನಾಣ್ಯದಿಂದ ತಟ್ಟುತ್ತಾ ಹೋಗಿ. ಗಟ್ಟಿ ಜಾಗ ಟಕ್ ಟಕ್ ಅನ್ನುತ್ತದೆ, ಸತ್ತ ಜಾಗ ದೊಪ್ ಅನ್ನುತ್ತದೆ. ಹಲಸಿನ ಹಣ್ಣು ತಟ್ಟಿ ನೋಡಿದವರಿಗೆ ಈ ಕಿವಿ ಬೇಗ ಬರುತ್ತದೆ. ಒಂದು ಅಂಗೈಯಷ್ಟು ಮೆತ್ತಗಿದ್ದರೆ ರಿಪೇರಿ ಆಗುತ್ತದೆ, ಒಂದು ಮಾರು ಇದ್ದರೆ ಬಿಟ್ಟುಬಿಡಿ. ಹಾಯಿಯ ಕಂಬ ಹಿಡಿದಿರುವ ತಂತಿಯಲ್ಲಿ ಒಂದೇ ಒಂದು ಎಳೆ ಹರಿದಿದ್ದರೂ ಹೊಸ ತಂತಿ ಹಾಕಿ. ಅಲ್ಲಿ ಉಳಿತಾಯ ಬೇಡ.

ಸಾಧ್ಯವಾದರೆ ಬಳಗದ ಹಣದಲ್ಲೇ ಒಂದು ದೋಣಿ ಇಟ್ಟುಕೊಳ್ಳಿ. ಹೊಸಬರು ಒಂದು ಸೀಸನ್ ಅದನ್ನು ಓಡಿಸಲಿ.

ಮುಂದಿನ ಸೀಟು ಖಾಲಿ ಬಿಡಬೇಡಿ

ನನ್ನ ಲೆಕ್ಕದಲ್ಲಿ ಬಳಗ ಬೆಳೆಯುವುದು ದೋಣಿಯಿಂದಲ್ಲ, ಕ್ರೂನಿಂದ. ಹಿಂದೆ ಚುಕ್ಕಾಣಿ ಹಿಡಿಯುವವರು ಸ್ಕಿಪ್ಪರ್. ಮುಂದೆ ಸಣ್ಣ ಹಾಯಿ ನೋಡಿಕೊಂಡು, ಗಾಳಿ ಜೋರಾದಾಗ ಸೊಂಟಕ್ಕೆ ತಂತಿ ಸಿಕ್ಕಿಸಿ ದೋಣಿಯ ಹೊರಗೆ ನಿಲ್ಲುವವರು ಕ್ರೂ. ಇಂದು ಕ್ರೂ ಆದವರೇ ಎರಡು ವರ್ಷ ಬಿಟ್ಟು ದೋಣಿ ಕೊಳ್ಳುವವರು.

ಹೋಬಿ 16ರ ರೇಸಿನಲ್ಲಿ ಇಬ್ಬರ ತೂಕ ಸೇರಿ ಕನಿಷ್ಠ 129 ಕೆ.ಜಿ. ಇರಬೇಕು. ಕಡಿಮೆಯಾದರೆ ದೋಣಿಯಲ್ಲಿ ತೂಕ ಹೊತ್ತು ಸರಿದೂಗಿಸಬೇಕು. ಅಂದರೆ ಗಂಡ-ಹೆಂಡತಿ, ಅಪ್ಪ-ಮಗಳು, ಅಕ್ಕ-ತಮ್ಮ ಇಂಥ ಜೋಡಿಗಳಿಗೆ ಇದು ಹೇಳಿ ಮಾಡಿಸಿದ ದೋಣಿ. ಮನೆಯ ಇಬ್ಬರು ಒಟ್ಟಿಗೆ ಆಡುವ ಆಟ ಮನೆಯಲ್ಲಿ ಬೇಗ ನಿಲ್ಲುವುದಿಲ್ಲ. ಹಾಗಾಗಿ ಒಬ್ಬರನ್ನಲ್ಲ, ಮನೆಯವರನ್ನು ಕರೆಯಿರಿ.

ವಾರದಲ್ಲಿ ಒಂದು ಸಂಜೆ ರೇಸ್ ಇಲ್ಲದೆ ಸುಮ್ನೆ ಓಡಿಸಲು ಇಡಿ. ಬುಧವಾರ ಅಂದರೆ ಬುಧವಾರವೇ, ದಿನ ಬದಲಿಸಬೇಡಿ. ಮೊದಲ ಸಲ ಬಂದವರನ್ನು ಜೋರು ಗಾಳಿಯಲ್ಲಿ ಕರೆದುಕೊಂಡು ಹೋಗಿ ಹೆದರಿಸಬಾರದು. ಮೂರು ವಿಷಯ ಕಲಿಸಿ, ಸಾಕು.

ಒಂದು, ತಿರುವು. ಈ ದೋಣಿ ಗಾಳಿಗೆ ಎದುರಾಗಿ ತಿರುಗುವಾಗ ನಡುವೆ ನಿಂತುಬಿಡುತ್ತದೆ. ಹೊಸಬರು ಸೋಲುವುದೇ ಅಲ್ಲಿ. ಮುಂದಿನ ಹಾಯಿಯನ್ನು ಅವಸರಪಟ್ಟು ಬಿಡದೆ, ಹಿಂಬದಿಯಿಂದ ಗಾಳಿ ತುಂಬಿ ಮೂತಿಯನ್ನು ತಳ್ಳುವ ತನಕ ಹಿಡಿದರೆ ತಿರುಗಿಕೊಳ್ಳುತ್ತದೆ. ಎರಡು, ಮಗುಚಿದ ದೋಣಿ ಎತ್ತುವುದು. ಹಾಯಿಯ ಹಗ್ಗಗಳನ್ನು ಸಡಿಲ ಬಿಡಿ, ಮೂತಿ ಗಾಳಿಯ ಕಡೆಗೆ ಬರಲಿ, ಒಡಲಿನ ಮೇಲೆ ನಿಂತು ಹಗ್ಗ ಹಿಡಿದು ಹಿಂದಕ್ಕೆ ವಾಲಿ. ಗಾಳಿ ಹಾಯಿಯ ಅಡಿಗೆ ನುಗ್ಗಿದರೆ ಅರ್ಧ ಕೆಲಸ ಅದೇ ಮಾಡುತ್ತದೆ. ಬೇಸಿಗೆಯಲ್ಲಿ ದಡದ ಹತ್ತಿರ ಬೇಕಂತಲೇ ಮಗುಚಿ ಎಲ್ಲರೂ ಅಭ್ಯಾಸ ಮಾಡಿ. ಮೂರು, ತಲೆ ಎತ್ತಿ ನೋಡುವುದು. ಎಂಟು ಮೀಟರ್ ಎತ್ತರದ ಕಂಬ ಕರೆಂಟ್ ತಂತಿಗೆ ತಗುಲಿ ಅಮೆರಿಕದಲ್ಲಿ ಸಾವುಗಳಾಗಿವೆ. ಆಮೇಲೆಯೇ ಕಂಬದ ತುದಿಯನ್ನು ಕರೆಂಟ್ ಹರಿಯದ ಫೈಬರ್‌ನಿಂದ ಮಾಡತೊಡಗಿದರು. ಕಂಬ ಎತ್ತುವ ಮೊದಲು, ನಿಲ್ಲಿಸಿದ ದೋಣಿ ತಳ್ಳುವ ಮೊದಲು, ಪ್ರತಿ ಸಲವೂ ಮೇಲೆ ನೋಡಬೇಕು.

ರೇಸ್ ಚಿಕ್ಕದಿರಲಿ

ಎರಡು ಗಂಟೆಯ ಒಂದು ರೇಸ್‌ಗಿಂತ ಇಪ್ಪತ್ತೈದು ನಿಮಿಷದ ನಾಲ್ಕು ರೇಸ್ ಒಳ್ಳೆಯದು. ಹೊಸಬರಿಗೆ ನಾಲ್ಕು ಸಲ ಸ್ಟಾರ್ಟ್ ಸಿಗುತ್ತದೆ. ಮೊದಲು ಬಂದವರಿಗೆ 1 ಅಂಕ, ಎರಡನೆಯವರಿಗೆ 2, ಕೊನೆಗೆ ಅಂಕ ಕಡಿಮೆ ಇದ್ದವರು ಗೆದ್ದರು. ಹೊಸಬರನ್ನು ಬೇರೆ ಗುಂಪು ಮಾಡಿ. ಅಮೆರಿಕದ ಹೋಬಿ ಬಳಗಗಳಲ್ಲಿ ಎ, ಬಿ, ಸಿ ಅಂತ ಗುಂಪು ಮಾಡುವ ರೂಢಿ ಹಳೆಯದು, ಸಿ ಹೊಸಬರದು. ಅದಕ್ಕೂ ಬಹುಮಾನ ಇರಲಿ.

ಇನ್ನು ಊರು ಬಿಟ್ಟು ಹೊರಡಿ

ಬಹಳ ಬಳಗಗಳು ಇದನ್ನು ಕೊನೆಗೆ ಇಟ್ಟುಕೊಳ್ಳುತ್ತವೆ. 'ಮೊದಲು ನಾವು ಹತ್ತು ದೋಣಿ ಆಗೋಣ, ಆಮೇಲೆ ಹೊರಗಿನ ರೆಗಟ್ಟಾ' ಅನ್ನುತ್ತಾರೆ. ರೆಗಟ್ಟಾ ಅಂದರೆ ಹಲವು ಊರಿನ ದೋಣಿಗಳು ಸೇರಿ ಓಡುವ ರೇಸ್ ಕೂಟ. ನಾವೂ ಹಾಗೆಯೇ ಅಂದುಕೊಂಡು ಎರಡು ವರ್ಷ ಕಳೆದೆವು. ನಿಜ ಏನೆಂದರೆ, ಮೂರು ದೋಣಿ ಹೊರಗೆ ಹೋಗಿ ಮೂವತ್ತು ದೋಣಿಯ ಸ್ಟಾರ್ಟ್ ಲೈನ್ ನೋಡಿ ಬಂದ ಮೇಲೆಯೇ ನಮ್ಮವರಿಗೆ ಹುರುಪು ಬಂದದ್ದು.

ಮಲೆನಾಡಿನಲ್ಲಿ ಮುಯ್ಯಾಳು ಅಂತ ಇದೆಯಲ್ಲ? ಇಂದು ನಿಮ್ಮ ಗದ್ದೆ ನಾಟಿಗೆ ನಾವು ಬರುತ್ತೇವೆ, ನಾಳೆ ನಮ್ಮ ಗದ್ದೆಗೆ ನೀವು. ರೆಗಟ್ಟಾ ನಡೆಯುವುದೂ ಹಾಗೆಯೇ. ನೀವು ಪಕ್ಕದ ಊರಿನ ರೆಗಟ್ಟಾಕ್ಕೆ ಹೋಗದೆ ನಿಮ್ಮ ರೆಗಟ್ಟಾಕ್ಕೆ ಅವರು ಬರಲಿ ಅಂದರೆ ಆಗುವುದಿಲ್ಲ. ಚಳಿಗಾಲದಲ್ಲಿ, ಕೆರೆ ಹೆಪ್ಪುಗಟ್ಟಿರುವಾಗ, ಸುತ್ತಲಿನ ಬಳಗದವರು ಕೂತು ದಿನಾಂಕ ಹಂಚಿಕೊಳ್ಳಿ. ಇಬ್ಬರದು ಒಂದೇ ವಾರಾಂತ್ಯಕ್ಕೆ ಬೀಳಬಾರದು.

ಮೊದಲ ಪ್ರಯಾಣ ಎರಡು ಗಂಟೆಯ ಒಳಗಿರಲಿ. ನಮಗೆ ಒನೈಡಾ ಸರೋವರ ಹಾಗಿತ್ತು. ನ್ಯೂಜೆರ್ಸಿಯ ಕಡಲತೀರ ಎರಡನೇ ವರ್ಷಕ್ಕೆ ಇಟ್ಟುಕೊಂಡೆವು. ಒಳನಾಡಿನವರು ಕಡಲಿನ ಅಲೆಯಲ್ಲಿ ಮೊದಲ ಸಲ ದೋಣಿ ಇಳಿಸುವಾಗ ಪಕ್ಕದಲ್ಲಿ ಅಲ್ಲಿಯವರೊಬ್ಬರು ಇರಲೇಬೇಕು.

ಎಷ್ಟೋ ಜನ ಹೊರಡದೆ ಇರುವುದು ಆಸೆ ಇಲ್ಲದೆ ಅಲ್ಲ, ಟ್ರೇಲರ್ ಎಳೆಯುವ ಗಾಡಿ ಇಲ್ಲದೆ. ಇದಕ್ಕೆ ಮಹಡಿ ಟ್ರೇಲರ್ ಇದೆ, ಒಂದರ ಮೇಲೊಂದು ಎರಡು ದೋಣಿ ಹೇರಬಹುದು. ಒಂದು ಗಾಡಿ, ಎರಡು ದೋಣಿ, ನಾಲ್ಕು ಜನ, ಪೆಟ್ರೋಲ್ ಖರ್ಚು ನಾಲ್ಕು ಪಾಲು. ಹೋಬಿ 16ರ ಅಗಲ ಎಂಟು ಅಡಿಗಿಂತ ಕಡಿಮೆ, ಹಾಗಾಗಿ ಅಮೆರಿಕದ ಹೆದ್ದಾರಿಯಲ್ಲಿ ವಿಶೇಷ ಪರವಾನಗಿ ಬೇಡ. 1976ರಿಂದ 2008ರವರೆಗೆ ಒಲಿಂಪಿಕ್ಸ್‌ನಲ್ಲಿದ್ದ ಟಾರ್ನೆಡೊ ಕ್ಯಾಟಮರಾನ್ ಹತ್ತು ಅಡಿ ಅಗಲ. ಅದನ್ನು ಸಾಗಿಸಲು ಓರೆ ಮಾಡಬೇಕು, ಇಲ್ಲವೇ ಬಿಚ್ಚಬೇಕು.

ಟ್ರೇಲರ್ ಚಕ್ರದ ಬೇರಿಂಗ್‌ಗೆ ಹೊರಡುವ ಹಿಂದಿನ ದಿನವೇ ಗ್ರೀಸ್ ಹಾಕಿ. ಮೊದಲ ಐವತ್ತು ಕಿಲೋಮೀಟರ್ ಆದಮೇಲೆ ನಿಲ್ಲಿಸಿ ಚಕ್ರದ ಮಧ್ಯಭಾಗ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಮುಂದೆ ಹೋಗಬೇಡಿ. ನಾನು ಹಾಗೆ ನೋಡದೆ ಹೋಗಿ, ಒಂದು ಶುಕ್ರವಾರ ರಾತ್ರಿ ಬೇರಿಂಗ್ ಸುಟ್ಟು ಹೆದ್ದಾರಿ ಪಕ್ಕದಲ್ಲಿ ನಿಂತಿದ್ದೆ. ರೆಗಟ್ಟಾ ನಡೆಸುತ್ತಿದ್ದ ಊರಿನ ಬಳಗಕ್ಕೆ ಫೋನ್ ಮಾಡಿದೆ. ಒಂದೂವರೆ ಗಂಟೆಯಲ್ಲಿ ಇಬ್ಬರು ಬಂದರು. ನಾನು ಅವರನ್ನು ಅದಕ್ಕೆ ಮೊದಲು ನೋಡಿಯೇ ಇರಲಿಲ್ಲ. ಒಬ್ಬರ ಕೈಯಲ್ಲಿ ಹೊಸ ಹಬ್, ಇನ್ನೊಬ್ಬರ ಕೈಯಲ್ಲಿ ಬಿಸಿ ಸೂಪಿನ ಡಬ್ಬಿ. ಬೆಳಿಗ್ಗೆ ಅದೇ ಇಬ್ಬರ ವಿರುದ್ಧ ರೇಸ್ ಓಡಿದೆ.

ನೀವು ಕರೆಯುವಾಗ ಕೊಡಬೇಕಾದ್ದು ದೊಡ್ಡ ಟ್ರೋಫಿ ಅಲ್ಲ. ದಡದಲ್ಲೇ ಟೆಂಟ್ ಹಾಕಲು ಜಾಗ, ಶುಕ್ರವಾರ ರಾತ್ರಿ ಎಷ್ಟು ಹೊತ್ತಿಗೆ ಬಂದರೂ ಒಂದು ತಟ್ಟೆ ಊಟ, ಬೆಳಿಗ್ಗೆ ಕಾಫಿ. ಮಕ್ಕಳಿಗೆ ಆಡಲು ಏನಾದರೂ. ಬಿಡಿಭಾಗಗಳ ಒಂದು ಪೆಟ್ಟಿಗೆ ಎಲ್ಲರಿಗೂ ಸಿಗುವಂತೆ ಇಡಿ: ಪಿನ್ನು, ರಿಂಗು, ಶ್ಯಾಕಲ್, ಟೇಪು, ಹಗ್ಗ. ಮತ್ತೆ ಡ್ರೈನ್ ಪ್ಲಗ್ ನಾಲ್ಕಾದರೂ ಇರಲಿ. ಒಡಲಿನ ಹಿಂಬದಿಯ ಆ ಪುಟ್ಟ ಬಿರಡೆ ಮರೆತರೆ ದೋಣಿಯೊಳಗೆ ನೀರು ತುಂಬುತ್ತಾ ಹೋಗುತ್ತದೆ. ದೂರದಿಂದ ಬಂದು ಅವಸರದಲ್ಲಿ ಕಟ್ಟುವವರು ಮರೆಯುವುದು ಅದನ್ನೇ.

ದೂರದ ಊರುಗಳಿಗೆ ದೋಣಿ ಒಯ್ಯುವ ಅಗತ್ಯವೂ ಇರುವುದಿಲ್ಲ. ಹೋಬಿ 16 ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಸಂಘಟಕರೇ ಒಂದೇ ಥರದ ದೋಣಿಗಳನ್ನು ಕೊಡುತ್ತಾರೆ, ಓಡಿಸುವವರು ಅವನ್ನು ಅದಲು ಬದಲು ಮಾಡುತ್ತಾ ಓಡುತ್ತಾರೆ. 2014ರಲ್ಲಿ ಆಸ್ಟ್ರೇಲಿಯಾದ ಜರ್ವಿಸ್ ಬೇ, 2019ರಲ್ಲಿ ಫ್ಲೋರಿಡಾದ ಕ್ಯಾಪ್ಟಿವಾ ಹೀಗೆಯೇ ನಡೆದವು. ಇದನ್ನೇ ಚಿಕ್ಕದಾಗಿ ಊರಿನಲ್ಲೂ ಮಾಡಬಹುದು. ನಿಮ್ಮ ದಡದಲ್ಲಿ ಆ ವಾರ ಖಾಲಿ ಇರುವ ದೋಣಿಯನ್ನು ವಿಮಾನದಲ್ಲಿ ಬರುವ ಜೋಡಿಗೆ ಕೊಡಿ. ಮುಂದಿನ ವರ್ಷ ಅವರ ದೋಣಿ ನಿಮಗೆ ಕಾದಿರುತ್ತದೆ.

ನಮ್ಮ ರೆಗಟ್ಟಾ ಜೂನ್‌ನಲ್ಲಿ. ಶುಕ್ರವಾರ ಕತ್ತಲಾದ ಮೇಲೆ ಒಂದೊಂದಾಗಿ ಟ್ರೇಲರ್‌ಗಳು ಬರುತ್ತವೆ. ಹೆಡ್‌ಲೈಟ್ ಕಂಡ ಕೂಡಲೇ ನಮ್ಮ ಹುಡುಗರು ಟಾರ್ಚ್ ಹಿಡಿದು ಓಡುತ್ತಾರೆ. ಮೇಲೆ ತಂತಿ ಇಲ್ಲ ಅಂತ ಒಮ್ಮೆ ನೋಡಿ, ಬಂದವರು ಗಾಡಿಯಿಂದ ಇಳಿದು ಮೈ ಮುರಿಯುವಷ್ಟರಲ್ಲಿ ನಾಲ್ಕು ಕೈ ಸೇರಿ ಕಂಬ ಎತ್ತಿರುತ್ತಾರೆ.