ಗಿಳಿಯ ಹೊಟ್ಟೆಯ ಸುದ್ದಿ ಹಿಕ್ಕೆಯಲ್ಲಿದೆ

ಮೊನ್ನೆ ಪಕ್ಕದ ಮನೆಯ ಸೊಸೆ ಪಂಜರ ಹಿಡಿದುಕೊಂಡು ಬಂದು, “ಅಜ್ಜೀ, ನಿನ್ನೆ ಸಂಜೀತನಾ ಚಲೋ ಇತ್ತರಿ, ಇವತ್ತ ಒಮ್ಮಿಂದೊಮ್ಮೆಲೆ ಹಿಂಗಾಗೇತಿ” ಎಂದಾಗ ನನಗೆ ಮರುಕಕ್ಕಿಂತ ಮೊದಲು ಸಿಟ್ಟೇ ಬಂತು. ಒಮ್ಮಿಂದೊಮ್ಮೆಲೆ ಆಗುವುದು ಬಹಳ ಅಪರೂಪ. ಸೊರಗಿದ್ದು ಹದ್ದು-ಬೆಕ್ಕುಗಳ ಕಣ್ಣಿಗೆ ಬೀಳಬಾರದೆಂದು ಹಕ್ಕಿ ಮೈಯಲ್ಲಿ ಶಕ್ತಿ ಇರುವವರೆಗೂ ಕಾಯಿಲೆಯನ್ನು ಮುಚ್ಚಿಡುತ್ತದೆ. ಅದು ಪುಕ್ಕ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕುಳಿತಿತೆಂದರೆ ರೋಗ ಬಂದು ಆಗಲೇ ದಿನಗಳು ಕಳೆದಿರುತ್ತವೆ. ಅಷ್ಟು ಸಾಲದೆಂಬಂತೆ ಆಕೆ ಗ್ರೈಪ್ ವಾಟರ್, ಮಜ್ಜಿಗೆ, ಮನುಷ್ಯರ ಭೇದಿ ಮಾತ್ರೆಯ ಪುಡಿ, ಮೂರನ್ನೂ ಅದಕ್ಕೆ ಕುಡಿಸಿದ್ದಳು. ಹಾಲಿನಲ್ಲೂ ಅದರಿಂದಾದ ಮಜ್ಜಿಗೆಯಲ್ಲೂ ಇರುವ ಸಕ್ಕರೆಯ ಅಂಶವನ್ನು ಹಕ್ಕಿಯ ಹೊಟ್ಟೆ ಅರಗಿಸಲಾರದು. ಹಾಲು ಕುಡಿಸಿದರೆ ಭೇದಿ ಹೆಚ್ಚುತ್ತದೆಯೇ ಹೊರತು ನಿಲ್ಲುವುದಿಲ್ಲ.

ನಾನು ಹೇಳುತ್ತಿರುವುದು ಅಂಗಡಿಯವರು ‘ಲವ್ ಬರ್ಡ್ಸ್’ ಎಂದು ಮಾರುವ ಬಜರಿಗಾರ್ ಎಂಬ ಪುಟ್ಟ ಗಿಳಿ ಮತ್ತು ಜುಟ್ಟಿನ ಗಿಳಿಯಾದ ಕಾಕಟೀಲ್‌ಗಳ ಬಗ್ಗೆ. ಎರಡೂ ಆಸ್ಟ್ರೇಲಿಯದ ಮೂಲದವು. ನಮ್ಮ ಬೇವಿನ ಮರದ ಹಸಿರು ಗಿಳಿಯನ್ನು ಮನೆಯಲ್ಲಿ ಸಾಕಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡುವುದಿಲ್ಲ, ಆ ಆಸೆಯನ್ನೇ ಇಟ್ಟುಕೊಳ್ಳಬೇಡಿ.

ಈಗ ನಾನು ಇಷ್ಟು ವರ್ಷ ಒಂದು ದಿನವೂ ತಪ್ಪಿಸದ ಕ್ರಮವನ್ನು ಕೇಳಿರಿ. ಪಂಜರದ ತಟ್ಟೆಗೆ ಹಳೆಯ ವೃತ್ತಪತ್ರಿಕೆ ಹಾಸಬೇಡಿ, ಅಚ್ಚಿನ ಕಪ್ಪಿನಲ್ಲಿ ಬಣ್ಣ ತಿಳಿಯುವುದಿಲ್ಲ. ಮರಳು, ಮರದ ಹೊಟ್ಟುಗಳಂತೂ ಎಲ್ಲವನ್ನೂ ನುಂಗಿಬಿಡುತ್ತವೆ. ಬರೆಯದ ಬಿಳಿ ಹಾಳೆಯನ್ನು ತಟ್ಟೆಯ ಅಳತೆಗೆ ಕತ್ತರಿಸಿ, ಮೂಲೆಯಲ್ಲಿ ಪೆನ್ಸಿಲಿನಿಂದ ತಾರೀಖು ಬರೆದು, ದಿನಾ ಬೆಳಿಗ್ಗೆ ಸೊಪ್ಪು ಕೊಡುವ ಮೊದಲು ಬದಲಿಸಬೇಕು. ತೆಗೆದ ಹಾಳೆಯನ್ನು ಕೂಡಲೇ ಎಸೆಯದೆ ಹಿಂದಿನ ದಿನದ ಹಾಳೆಯ ಪಕ್ಕದಲ್ಲಿಟ್ಟು ಕಿಟಕಿಯ ಬೆಳಕಿನಲ್ಲಿ ನೋಡಬೇಕು, ಟ್ಯೂಬ್‌ಲೈಟಿನಲ್ಲಿ ಅಲ್ಲ. ಒಳ್ಳೆಯ ಹಿಕ್ಕೆಯಲ್ಲಿ ಮೂರು ಭಾಗಗಳು ಬೇರೆಬೇರೆಯಾಗಿ ಕಾಣುತ್ತವೆ: ಸುರುಳಿ ಸುತ್ತಿದ ಹಸಿರು ಅಥವಾ ಕಂದು ಮಲ, ಅದರ ಮೇಲೆ ಸುಣ್ಣದಂಥ ಬಿಳಿ, ಸುತ್ತಲೂ ತಿಳಿನೀರಿನ ಸಣ್ಣ ಉಂಗುರ. ಉಂಗುರ ಮಾತ್ರ ದೊಡ್ಡದಾಗಿದ್ದರೆ ನಿನ್ನೆ ಸೌತೆಕಾಯಿ ಕೊಟ್ಟದ್ದನ್ನು ನೆನಪಿಸಿಕೊಳ್ಳಿ, ಅದು ಭೇದಿಯಲ್ಲ. ಬೀಟ್‌ರೂಟ್ ತಿಂದರೆ ಕೆಂಪಾಗುವುದೂ ಹಾಗೆಯೇ. ಮಲವೇ ಆಕಾರ ಕಳೆದುಕೊಂಡು ಹರಡಿದ್ದರೆ ಅದು ಭೇದಿ. ಸುಣ್ಣದ ಭಾಗ ಹಳದಿ ಇಲ್ಲವೇ ಎಳೆಹಸಿರಿಗೆ ತಿರುಗಿದ್ದರೆ ಪಿತ್ತಜನಕಾಂಗದ ಬಗ್ಗೆ ಅನುಮಾನಪಡಬೇಕು. ಕಡೆಗೆ ಕಸಬರಿಗೆಯ ಕಡ್ಡಿಯಿಂದ ಮಲವನ್ನು ಬಿಡಿಸಿ ನೋಡಿ. ಕಾಳು ಅರಗದೆ ಇಡಿಯಾಗಿ ಬಂದಿದ್ದರೆ, ಹಕ್ಕಿ ಎಷ್ಟೇ ಚೆನ್ನಾಗಿ ತಿನ್ನುತ್ತಿದ್ದರೂ ತಿಂದದ್ದು ಮೈಗೆ ಹತ್ತುತ್ತಿಲ್ಲವೆಂದೇ ಅರ್ಥ. ಅಂಥ ಹಕ್ಕಿ ಬಟ್ಟಲ ಮುಂದೆಯೇ ಕುಳಿತು ಒಣಗಿಹೋಗುತ್ತದೆ. ನೋಡಿದ ಮೇಲೆ ಕೈಗೆ ಸಾಬೂನು ಹಚ್ಚಿ ತೊಳೆಯುವುದನ್ನು ಮರೆಯಬಾರದು, ಗಿಳಿಯ ಕೆಲವು ಜ್ವರಗಳು ಮನುಷ್ಯರಿಗೂ ಹತ್ತುತ್ತವೆ.

ಗಂಡು ಹಕ್ಕಿ ಕನ್ನಡಿಯ ಮುಂದೆ ತಲೆ ಕುಣಿಸುತ್ತ ಕಾಳು ಕಕ್ಕಿದರೆ ಅದು ಪ್ರೀತಿ. ತಲೆ ಕೊಡವಿ ಕೊಡವಿ ಕಕ್ಕಿ ನೆತ್ತಿಯ ಪುಕ್ಕವೆಲ್ಲ ಅಂಟಂಟಾಗಿದ್ದರೆ ಅದು ವಾಂತಿ.

ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಹೊಟ್ಟೆ ಕೆಡುವುದು ಹೆಚ್ಚಾಗಿ ಕಾಳಿನಿಂದ. ಬಹಳ ವರ್ಷಗಳ ಹಿಂದೆ ಒಂದು ಶ್ರಾವಣದಲ್ಲಿ, ನವಣೆಗೆ ಸ್ವಲ್ಪ ಮುಗ್ಗಿದ ವಾಸನೆ ಬಂದಿದ್ದರೂ ಚೆಲ್ಲಲು ಮನಸ್ಸಾಗದೆ ಹಾಕಿ, ನನ್ನ ನೀಲಿ ಹಕ್ಕಿಯನ್ನು ಕಳೆದುಕೊಂಡೆ; ಆ ದುಃಖ ಇನ್ನೂ ಆರಿಲ್ಲ. ಕಾಳನ್ನು ಮೂಸಿ ನೋಡಿಯೇ ಹಾಕಿ, ಸೊಪ್ಪನ್ನು ಮಧ್ಯಾಹ್ನದೊಳಗೆ ತೆಗೆಯಿರಿ, ನೀರಿನ ಬಟ್ಟಲನ್ನು ಒಳಗೆ ಬೆರಳಾಡಿಸಿ ಜಾರು ಹೋಗುವವರೆಗೂ ತಿಕ್ಕಿರಿ. ನವಣೆಯನ್ನಾಗಲಿ ಜೋಳವನ್ನಾಗಲಿ ಬಿಸಿಲಿಗೆ ಹಾಕಿ, ಪೂರಾ ಆರಿದ ಮೇಲೆ ಬೇವಿನ ಎಲೆ ಬೆರೆಸಿ ಡಬ್ಬಿಗೆ ತುಂಬಬೇಕು. ಬಿಸಿಯಿರುವಾಗಲೇ ಮುಚ್ಚಳ ಹಾಕಿ ಆಮೇಲೆ ಹುಳದ ಮೇಲೆ ತಪ್ಪು ಹೊರಿಸುವವರನ್ನು ಕಂಡಿದ್ದೇನೆ.

ಹಕ್ಕಿ ಮಂಕಾಗಿದ್ದರೆ ಮೊದಲು ಬೇಕಾದದ್ದು ಶಾಖ. ಪಂಜರದ ಮೂರು ಬದಿಗೆ ಚಾದರ ಹೊದಿಸಿ, ಒಂದು ಪಕ್ಕಕ್ಕೆ ಮಾತ್ರ, ಹೊರಗಿನಿಂದ, ಬಟ್ಟೆಗೆ ತಾಗದಂತೆ ಹಳೆಯ ಕಾಲದ 40 ವ್ಯಾಟಿನ ತಂತಿ ಬಲ್ಬನ್ನು ಇಡಿ. ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆ, ಈ ಕೆಲಸಕ್ಕೆ ಸಾಕಾಗುವಷ್ಟು ಶಾಖ ಕೊಡುವುದಿಲ್ಲ. ಒಳಗೆ 30 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರಲಿ, ಬಾಯಿ ತೆರೆದು ತೇಕಿದರೆ ಬಲ್ಬನ್ನು ದೂರ ಸರಿಸಿ. ಬೆಚ್ಚಗಿರುತ್ತದೆಂದು ಅಡುಗೆಮನೆಯಲ್ಲಿ ಇಡಲೇಬಾರದು. ಅತಿಯಾಗಿ ಕಾದ ನಾನ್‌ಸ್ಟಿಕ್ ತವೆಯ ಹೊಗೆ ಹಕ್ಕಿಯನ್ನು ಕೊಲ್ಲುತ್ತದೆ. ಕಾಳು, ಕುದಿಸಿ ಆರಿಸಿದ ನೀರು ಕೊಕ್ಕಿಗೆ ಎಟಕುವಷ್ಟು ಹತ್ತಿರವಿರಲಿ, ಆದರೆ ಬಾಯಿ ಬಿಡಿಸಿ ಹನಿ ಹಾಕಬೇಡಿ, ಅದು ಉಸಿರಿನ ದಾರಿಗೆ ಹೋಗುತ್ತದೆ. ಎದೆಯ ನಡುವಿನ ಎಲುಬು ಕತ್ತಿಯಂತೆ ಕೈಗೆ ಹತ್ತಿದರೆ, ಅಥವಾ ಬಂಗಾರ ತೂಗುವಂಥ ಸಣ್ಣ ತಕ್ಕಡಿಯಲ್ಲಿ 35 ಗ್ರಾಂ ಇದ್ದ ಹಕ್ಕಿ 31ಕ್ಕೆ ಇಳಿದಿದ್ದರೆ, ನಾಳೆಯವರೆಗೆ ಕಾಯುವಂತಿಲ್ಲ. ಔಷಧಿಯ ಪ್ರಮಾಣವನ್ನು ಪಶುವೈದ್ಯರೇ ಹೇಳಬೇಕು. ಹೋಗುವಾಗ ಪಂಜರಕ್ಕೆ ಚಾದರ ಸುತ್ತಿ, ಆ ಎರಡು ದಿನಗಳ ಹಾಳೆಗಳನ್ನು ಹಸಿ ಭಾಗ ಮಡಿಕೆಗೆ ಸಿಗದಂತೆ ಡಬ್ಬಿಯಲ್ಲಿಟ್ಟು ಜೊತೆಗೊಯ್ಯಿರಿ. ಸೂಕ್ಷ್ಮದರ್ಶಕದಲ್ಲಿ ನೋಡಲು ಅವರು ಮೊದಲು ಕೇಳುವುದು ಅದನ್ನೇ.