ಕಾಪಿರೈಟ್ ವಿಷಯದಲ್ಲಿ ನಿಮ್ಮ ಸಂಸದರ ನಿಲುವು ಹುಡುಕುವ ಬಗೆ

ಮತದ ದಾಖಲೆಯಿಂದ ಶುರು ಮಾಡಬೇಡಿ. ಹೆಚ್ಚಿನ ಮಸೂದೆಗಳು ಧ್ವನಿಮತದಲ್ಲೇ ಪಾಸಾಗುತ್ತವೆ. ಡಿವಿಷನ್, ಅಂದರೆ ಮತ ಎಣಿಕೆ, ನಡೆದರೆ ಮಾತ್ರ ಯಾರು ಯಾವ ಕಡೆ ಎಂಬುದು ಹೆಸರಿನ ಸಮೇತ ಉಳಿಯುತ್ತದೆ. ನಿಜವಾದ ಸುಳಿವು ಇರುವುದು ಚರ್ಚೆ ಮತ್ತು ಪ್ರಶ್ನೆಗಳಲ್ಲಿ.

ಸಂಸದ್ ಡಾಟ್ ಇನ್ ತಾಣದಲ್ಲಿ ಸದನ ಆರಿಸಿ, ಸದಸ್ಯರ ಹೆಸರಿನಿಂದ ಪ್ರಶ್ನೆಗಳನ್ನು ತೆಗೆಯಿರಿ. ಬಹಳ ಜನ ಎಡವುವುದು ಸಚಿವಾಲಯದ ಹೆಸರಲ್ಲಿ: 2016ರವರೆಗೆ ಕಾಪಿರೈಟ್ ಮಾನವ ಸಂಪನ್ಮೂಲ ಸಚಿವಾಲಯದಲ್ಲಿತ್ತು, ಈಗ ವಾಣಿಜ್ಯ ಸಚಿವಾಲಯದಲ್ಲಿದೆ. ಸಚಿವರಾದವರು ಪ್ರಶ್ನೆ ಕೇಳುವುದಿಲ್ಲ; ಅವರ ಸೊನ್ನೆಯನ್ನು ನಿರ್ಲಕ್ಷ್ಯವೆಂದು ಎಣಿಸಿದರೆ ಅನ್ಯಾಯ.

ಹಳೆಯ ಸಂಸದರಾದರೆ 2012ರ ಮೇ ತಿಂಗಳ ಕಾಪಿರೈಟ್ ಕಾಯ್ದೆ ತಿದ್ದುಪಡಿಯ ಚರ್ಚೆಯನ್ನು ಪೂರ್ತಿ ಓದಿ. 2010ರ ಕರಡು ಮಸೂದೆಯನ್ನೂ ಅಂತಿಮ ಕಾಯ್ದೆಯನ್ನೂ ಅಕ್ಕಪಕ್ಕ ಇಟ್ಟುಕೊಳ್ಳಿ. ಹೊರದೇಶದಲ್ಲಿ ಕಾನೂನುಬದ್ಧವಾಗಿ ಅಚ್ಚಾದ ಪುಸ್ತಕ ತರಿಸಲು ದಾರಿಮಾಡುತ್ತಿದ್ದ ಕಲಂ 2(ಎಂ)ನ ಸಾಲು ಕಾಯ್ದೆಯಲ್ಲಿಲ್ಲ. ಡಿಜಿಟಲ್ ಬೀಗ (ನಕಲು ತಡೆಯುವ ತಾಂತ್ರಿಕ ರಕ್ಷಣೆ) ಮುರಿಯುವುದರ ಬಗೆಗಿನ ಕಲಂ 65ಎ ಕರಡಿನಲ್ಲೂ ಇತ್ತು, ಹಳೆಯ ಕಾಯ್ದೆಗೆ ಹೊಸದಾಗಿ ಸೇರಿತು. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಮುರಿದರೆ 2 ವರ್ಷದವರೆಗೆ ಜೈಲು. ಈ ಎರಡರ ಬಗ್ಗೆ ಯಾರು ಬಾಯಿಬಿಟ್ಟರು, ಯಾರು ಅದೇ ತಿದ್ದುಪಡಿ ತಂದ ಸಿನಿಮಾ ಗೀತರಚನೆಕಾರರ ರಾಯಲ್ಟಿಯನ್ನು ಬರೀ ಹೊಗಳಿ ಕುಳಿತರು ಎಂದು ಗುರುತು ಹಾಕಿಕೊಳ್ಳಿ. ದಿನಾಂಕ, ಪುಟ ಸಂಖ್ಯೆ ತಪ್ಪದೆ ಬರೆದಿಡಿ.