ಹೊರಗುತ್ತಿಗೆ ಆಪರೇಟರ್‌ನ ಮೊದಲ ದಿನ: ಟೈಪಿಂಗ್‌ಗಿಂತ ಮೊದಲು ಹಾಜರಿ

ಕಲಬುರಗಿಯ ಸರ್ಕಾರಿ ಕಚೇರಿಗಳಿಗೆ ಡೇಟಾ ಎಂಟ್ರಿ ಆಪರೇಟರ್ ಆಗಿ ಸೇರುವವರು ಮೊದಲ ದಿನ ಟೈಪಿಂಗ್ ವೇಗದ ಚಿಂತೆ ಹೊತ್ತುಕೊಂಡೇ ಬರುತ್ತಾರೆ. ನಾನು ನೋಡುವುದು ಬೇರೆ: ಇವತ್ತು ನಾನು ಬಂದೆ ಅನ್ನುವುದು ಯಾವ ಕಾಗದದ ಮೇಲೆ ಬಿತ್ತು? ಕೆಲಸ ಹೇಳುವುದು ಕಚೇರಿ, ಸಂಬಳ ಹಾಕುವುದು ನಮ್ಮನ್ನು ಅಲ್ಲಿಗೆ ಕಳಿಸಿದ ಹೊರಗುತ್ತಿಗೆ ಏಜೆನ್ಸಿ. ಕಚೇರಿಯಿಂದ ಹಾಜರಾತಿ ಪಟ್ಟಿ ಹೋದರಷ್ಟೇ ಬಿಲ್ಲು ಮುಂದೆ ಸಾಗುತ್ತದೆ. ಅದರಲ್ಲಿ ಸೇರಿದ ತಾರೀಖು ಎರಡು ದಿನ ತಡವಾಗಿ ಬಿದ್ದರೆ ಆ ಎರಡು ದಿನದ ದುಡ್ಡು ಹೋಯಿತು ಅಂತಲೇ ತಿಳಿಯಿರಿ. ಆಮೇಲೆ ಕೇಳಿದರೆ ಕಚೇರಿಯವರು ಏಜೆನ್ಸಿ ಕಡೆ, ಏಜೆನ್ಸಿಯವರು ಕಚೇರಿ ಕಡೆ ಕೈ ತೋರಿಸುತ್ತಾರೆ.

ಆದ್ದರಿಂದ ಕೆಲಸಕ್ಕೆ ಹಾಜರಾದ ವರದಿಯನ್ನು ಎರಡು ಪ್ರತಿ ಬರೆದುಕೊಂಡೇ ಹೋಗುತ್ತೇನೆ. ‘ವಿಷಯ’ದಲ್ಲಿ ಹುದ್ದೆಯ ಹೆಸರು, ‘ಉಲ್ಲೇಖ’ದಲ್ಲಿ ಏಜೆನ್ಸಿಯ ನಿಯೋಜನೆ ಪತ್ರದ ಸಂಖ್ಯೆ ಮತ್ತು ದಿನಾಂಕ, ಕೆಳಗೆ ‘ಇಂದು ಪೂರ್ವಾಹ್ನ ಹಾಜರಾಗಿರುತ್ತೇನೆ’ ಎಂಬ ಒಂದು ಸಾಲು. ‘ಪೂರ್ವಾಹ್ನ’ ಬಿಟ್ಟರೆ ಅರ್ಧ ದಿನದ ತಕರಾರು ಬರಬಹುದು. ಒಂದು ಪ್ರತಿ ಆವಕ ಶಾಖೆಗೆ, ಅಂದರೆ ಬಂದ ಪತ್ರ ದಾಖಲಿಸುವಲ್ಲಿಗೆ. ಇನ್ನೊಂದರ ಮೇಲೆ ಸೀಲು, ಆವಕ ಸಂಖ್ಯೆ, ತಾರೀಖು ಹಾಕಿಸಿಕೊಂಡು ವಾಪಸ್ ತೆಗೆದುಕೊಳ್ಳಬೇಕು. ಟಪಾಲು ಗುಮಾಸ್ತರು “ಇಟ್ಟು ಹೋಗ್ರಿ, ಆಮ್ಯಾಲ ಹಾಕ್ತೀನಿ” ಅಂದರೂ “ಇರ್ಲಿ ಸರ್, ನಿಲ್ತೀನ್ರಿ” ಅಂತ ನಿಲ್ಲುವುದೇ ಒಳ್ಳೆಯದು.

ಸಮಯ ಸಾಮಾನ್ಯವಾಗಿ ಬೆಳಿಗ್ಗೆ 10ರಿಂದ ಸಂಜೆ 5:30. ಬೇಸಿಗೆಯ ಆದೇಶ ಬಂದರೆ ನಮ್ಮ ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ತಿಂಗಳು 8ರಿಂದ 1:30. ಆಳಂದ, ಜೇವರ್ಗಿ ಕಡೆಯಿಂದ ದಿನಾ ಬಸ್ಸಿಗೆ ಬರುವವರು ಇದನ್ನು ಹಿಂದಿನ ದಿನವೇ ಕೇಳಿಕೊಳ್ಳಬೇಕು.

ಏಜೆನ್ಸಿಗೆ ಕೊಡುವುದು ಆಧಾರ್, ಪ್ಯಾನ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಾಸ್‌ಬುಕ್ಕಿನ ಮೊದಲ ಪುಟ, ಫೋಟೋ. ತೊಡಕಾಗುವುದು ಹೆಸರಲ್ಲಿ. ಅಂಕಪಟ್ಟಿಯಲ್ಲಿ ‘ಶರಣಬಸಪ್ಪ’, ಆಧಾರ್‌ನಲ್ಲಿ ‘ಶರಣಬಸವ’ ಇದ್ದರೆ ಪಿಎಫ್ ಖಾತೆಯ ಕೆವೈಸಿ (ಗುರುತಿನ ಪರಿಶೀಲನೆ) ಅಲ್ಲೇ ನಿಲ್ಲಬಹುದು. ಮೊದಲು ಎಲ್ಲಾದರೂ ಪಿಎಫ್ ಕಟ್ಟಿದ್ದರೆ ಆ 12 ಅಂಕಿಯ ಪಿಎಫ್ ಸದಸ್ಯ ಸಂಖ್ಯೆ, ಯುಎಎನ್ ಅನ್ನೇ ಕೊಡಿ. ಹೊಸದು ಮಾಡಿಸಿದರೆ ಎರಡನ್ನೂ ಕೂಡಿಸುವಷ್ಟರಲ್ಲಿ ಸಾಕಾಗುತ್ತದೆ. ವಿದ್ಯಾರ್ಥಿವೇತನಕ್ಕೆ ತೆರೆದ ಹಳೆಯ ಖಾತೆ ಕೊಡುವವರು ಅದು ಚಾಲ್ತಿಯಲ್ಲಿದೆಯೇ ನೋಡಿಕೊಳ್ಳಿ. ಎರಡು ವರ್ಷ ವ್ಯವಹಾರ ಮಾಡದಿದ್ದರೆ ಖಾತೆ ನಿಷ್ಕ್ರಿಯ. ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ 2017ರಲ್ಲಿ ಎಸ್‌ಬಿಐನಲ್ಲಿ ವಿಲೀನವಾಗಿದೆ, ಹಳೆ ಪಾಸ್‌ಬುಕ್ಕಿನ ಐಎಫ್‌ಎಸ್‌ಸಿ ಬರೆದುಕೊಡಬೇಡಿ.

ಕೈಗೆ ಎಷ್ಟು ಬರುತ್ತದೆ ಎನ್ನುವುದನ್ನೂ ಅವತ್ತೇ ಕೇಳಿ. ಪಿಎಫ್ ಲೆಕ್ಕಕ್ಕೆ ಬರುವ ವೇತನವೂ ಒಟ್ಟು ವೇತನವೂ 15,000 ರೂಪಾಯಿಯೇ ಆಗಿದ್ದರೆ ನಮ್ಮ ಪಾಲಿನ ಪಿಎಫ್ ಶೇ 12, ಅಂದರೆ 1,800. ನೌಕರರ ಆರೋಗ್ಯ ವಿಮೆಯಾದ ಇಎಸ್‌ಐ ಶೇ 0.75, ಅಂದರೆ 113. ಉಳಿಯುವುದು 13,087. ಮಾಲೀಕರ ಪಾಲಿನ ಪಿಎಫ್ ಮತ್ತು ಶೇ 3.25ರ ಇಎಸ್‌ಐ ಇದರ ಮೇಲಿನದು. ಅದನ್ನೂ ನಿಮ್ಮ ಕೈಯಿಂದಲೇ ಮುರಿದುಕೊಂಡರೆ ಲೆಕ್ಕ ಕೇಳಬೇಕು.

ಕುರ್ಚಿಗೆ ಕೂರುವ ಮುಂಚೆ ಮೂರು ವಹಿ ಎಲ್ಲಿವೆ ನೋಡಿಕೊಳ್ಳುತ್ತೇನೆ: ಹಾಜರಿ, ಚಲನವಲನ (ಕಚೇರಿಯಿಂದ ಹೊರಗೆ ಹೋಗಿ ಬಂದದ್ದು ಬರೆಯುವುದು), ನಗದು ಘೋಷಣೆ. ಹೊರಗುತ್ತಿಗೆಯವರ ಹಾಜರಿ ಬೇರೆ ಪುಸ್ತಕದಲ್ಲಿ ಇರುವುದುಂಟು. ನಗದು ವಹಿಯಲ್ಲಿ ಜೇಬಿನಲ್ಲಿರುವ ಹಣ ಬರೆದು ಸಹಿ ಹಾಕಬೇಕು. ತಪಾಸಣೆ ಬಂದಾಗ ಬರೆಯದ ಐನೂರಕ್ಕೂ ಉತ್ತರ ಕೊಡಬೇಕಾಗುತ್ತದೆ.

ಇನ್ನು ಕಂಪ್ಯೂಟರ್. ಮೊದಲ ಪ್ರಶ್ನೆ: ಇಲ್ಲಿ ಎಲ್ಲಾ ಕಡೆ ಓದಿಸಿಕೊಳ್ಳುವ ಯೂನಿಕೋಡೋ, ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯ ಹಳೆ ಫಾಂಟೋ? ಹಳೆ ನುಡಿಯಲ್ಲಿ ಹೊಡೆದದ್ದನ್ನು ಪೋರ್ಟಲ್‌ಗೆ ಅಂಟಿಸಿದರೆ ಕನ್ನಡ ಹೋಗಿ ಇಂಗ್ಲಿಷ್ ಚಿಹ್ನೆಗಳ ಕಲಸುಮೇಲೋಗರ ಬರುತ್ತದೆ, ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು. ನುಡಿಯಲ್ಲಿ ಭಾಷೆ ಬದಲಿಸುವುದು ಸ್ಕ್ರೋಲ್ ಲಾಕ್ ಕೀಲಿ; ಅದಿಲ್ಲದ ಲ್ಯಾಪ್‌ಟಾಪ್ ಕೊಟ್ಟರೆ ಹೊರಗಿನ ಕೀಬೋರ್ಡ್ ಕೇಳಿ. ಹಳೆ ಕಡತಗಳಲ್ಲಿ ‘ಗುಲಬರ್ಗಾ’ ಇರುತ್ತದೆ. ಉಲ್ಲೇಖದಲ್ಲಿ ಹಳೆ ಪತ್ರದಲ್ಲಿದ್ದಂತೆಯೇ ಬಿಟ್ಟು, ಹೊಸ ಪತ್ರದ ವಿಳಾಸದಲ್ಲಿ ‘ಕಲಬುರಗಿ’ ಬರೆಯಬೇಕು. 2014ರ ನವೆಂಬರ್ 1ರಿಂದ ಅಧಿಕೃತ ಹೆಸರು ಅದೇ.

ಹೆಚ್ಚು ಹಾನಿ ಆಗುವುದು ಎಕ್ಸೆಲ್‌ನಲ್ಲಿ. ಅದು ಸಂಖ್ಯೆಯ 15 ಅಂಕಿಗಳನ್ನಷ್ಟೇ ಉಳಿಸಿಕೊಳ್ಳುತ್ತದೆ. 16 ಅಂಕಿಯ ಖಾತೆ ಸಂಖ್ಯೆ ಹೊಡೆದರೆ ಕೊನೆಯದು ಸದ್ದಿಲ್ಲದೆ ಸೊನ್ನೆಯಾಗುತ್ತದೆ, ಫಲಾನುಭವಿಯ ಹಣ ವಾಪಸ್ ಬರುತ್ತದೆ. ಖಾತೆ ಸಂಖ್ಯೆಯ ಮುಂದಿನ ಸೊನ್ನೆಗಳೂ ಉದುರುತ್ತವೆ. ಹೊಡೆಯುವ ಮೊದಲೇ ಇಡೀ ಕಾಲಂ ಆಯ್ದು, ಫಾರ್ಮ್ಯಾಟ್ ಸೆಲ್ಸ್‌ನಲ್ಲಿ ಟೆಕ್ಸ್ಟ್ ಮಾಡಬೇಕು. ಹೊಡೆದ ಮೇಲೆ ಮಾಡಿದರೆ ಹೋದ ಅಂಕಿ ಬರುವುದಿಲ್ಲ. ದಿನಾಂಕವನ್ನೂ ಒಂದು ಸಲ ಪರೀಕ್ಷಿಸಿ: 13/06 ಹೊಡೆದಾಗ ಅಕ್ಷರದಂತೆ ಎಡಕ್ಕೆ ಸರಿದು ನಿಂತರೆ ಆ ಯಂತ್ರ ತಿಂಗಳನ್ನು ಮೊದಲು ಓದುತ್ತಿದೆ ಎಂದರ್ಥ. ಹಾಗಿದ್ದರೆ 05/06 ಅಲ್ಲಿ ಮೇ 6 ಆಗಿಬಿಡುತ್ತದೆ.

ಲಾಗಿನ್ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿ. ಸ್ವಂತ ಐಡಿ ಬರುವವರೆಗೆ ಟಪಾಲು ಬರೆಯುವುದು, ಕಡತ ಜೋಡಿಸುವುದು, ಪತ್ರ ಟೈಪ್ ಮಾಡುವುದು ಎಲ್ಲಾ ಸರಿ. ಆದರೆ “ಸಾಹೇಬ್ರ ಡಾಂಗಲ್ ನಿಮ್ಮ ಡ್ರಾದಾಗ ಇರ್ಲಿ” ಎಂದು ಡಿಜಿಟಲ್ ಸಹಿ ಹಾಕುವ ಆ ಯುಎಸ್‌ಬಿ ಸಾಧನ ಕೊಟ್ಟರೆ ನಯವಾಗಿಯೇ ಬೇಡ ಅನ್ನುತ್ತೇನೆ. ಅದರಿಂದ ಬಿದ್ದ ಡಿಜಿಟಲ್ ಸಹಿ ಸಾಹೇಬರದೇ. ಕಡತದ ಬಗ್ಗೆ ತಕರಾರು ಎದ್ದಾಗ ಮೊದಲು ಹುಡುಕುವುದು ಡಾಂಗಲ್ ಯಾರ ಡ್ರಾದಲ್ಲಿತ್ತು ಎಂಬುದನ್ನು. ಅವರೇ ಎದುರಿಗೆ ಕೂತು ಪಿನ್ ಹಾಕಲಿ, ಕೆಲಸ ಮುಗಿದ ತಕ್ಷಣ ಕಿತ್ತು ಅವರ ಕೈಗೇ ಕೊಡಿ.